ಮೊದಲ ಪಾಠ ನಿಲ್ಲಿಸುವ ಗುಂಡಿ

ದೊಡ್ಡ ಮೊಮ್ಮಗಳಿಗೆ,

ಓದಿ ಓದಿ ಬುದ್ಧಿ ಮಂಕಾಯಿತೇನೇ ನಿನಗೆ? ಕಾರ್ಖಾನೆಗೆ ಹೊಸದಾಗಿ ಸೇರುವವರಿಗೆ ತಗಡು ಕತ್ತರಿಸುವ ಯಂತ್ರ ಕಲಿಸಲು ಎರಡು ದಾರಿಗಳಿವೆ, ಸುಲಭವಾದದ್ದನ್ನು ಆರಿಸುತ್ತೇನೆ ಎಂದು ಬರೆದಿದ್ದೀಯ. ಎಲ್ಲ ಪಾಠ ಹೇಳಿ ಕಡೆಗೊಂದು ಪರೀಕ್ಷೆ ಇಡುವುದು ನಿನಗೆ ಸುಲಭ. ನಿಮ್ಮ ತಾತನಿಗೂ ಹಾಗೇ ಕಲಿಸಿದ್ದರು. ನೂರಕ್ಕೆ ನೂರು ತೆಗೆದು, "ನನ್ನಷ್ಟು ಬಲ್ಲವರು ಯಾರಿದ್ದಾರೆ ಹೇಳೇ" ಎಂದು ಬೀಗಿ ಹೋದವರು ಮಧ್ಯಾಹ್ನಕ್ಕೆ ಮೂರು ಬೆರಳು ಕಳೆದುಕೊಂಡು ಬಂದರು. ನಿಲ್ಲಿಸುವ ಗುಂಡಿ ಎಲ್ಲಿದೆಯೆಂದು ಬಾಯಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

ಇನ್ನೊಂದು ದಾರಿಯನ್ನೇ ಹಿಡಿ. ಒಂದೊಂದು ಪಾಠಕ್ಕೂ ಕೈಯಲ್ಲಿ ಮಾಡಿಸಿ ನೋಡು. ಕಲಿಯುವವರು ತಪ್ಪಿದರೆ ನಿನ್ನ ಪಾಠ ತಿದ್ದು. ಮೊದಲ ಪಾಠ ಆ ಗುಂಡಿಯದೇ ಆಗಲಿ.

ಬರುವ ತಿಂಗಳಿಂದ ನಿನ್ನ ತಂಗಿಗೂ ಅದೇ ಯಂತ್ರದ ಕೆಲಸ, ನಿನ್ನದೇ ಪಾಠ. ಅವಳು ಊಟಕ್ಕೆ ಕೂತರೆ ನನ್ನ ಕಣ್ಣು ಅವಳ ಬೆರಳ ಮೇಲೇ. "ಏನಜ್ಜಿ?" ಎಂದರೆ, "ಉಗುರು ಕತ್ತರಿಸೇ" ಎಂದು ಗದರುತ್ತೇನೆ. ಆ ತಿಂಗಳು ಹುಟ್ಟುವ ಮೊದಲೇ ಯಾವ ದಾರಿಯೆಂದು ಬರೆ.

ನಿನ್ನ ಅಜ್ಜಿ