ನಲವತ್ತಾರು ಅಂಗಿ, ಒಂದು ಕೋಟು, ಕಾಜಾ ಮಾತ್ರ ಇಲ್ಲ

ಹಂತಗಳ ಪಟ್ಟಿಗೆ ಸಹಿ ಹಾಕಿದ ಮಾನ್ಯ ಪುನರಾರಂಭ ಅಧಿಕಾರಿಗಳೇ,

ನನ್ನ ಅಂಗಡಿಯಲ್ಲಿ ಹೊಲಿದು ಮುಗಿದ ನಲವತ್ತಾರು ಅಂಗಿಗಳು ನೇತಾಡುತ್ತಿವೆ. ಒಂದನ್ನೂ ಯಾರೂ ತೊಡುವಂತಿಲ್ಲ, ಏಕೆಂದರೆ ಅವಕ್ಕೆ ಕಾಜಾ ಇಲ್ಲ. ಕಾಜಾ ಎಂದರೆ ಗುಂಡಿ ತೂರಿಸಲು ಬಟ್ಟೆ ಕತ್ತರಿಸಿ, ಅಂಚಿಗೆ ದಾರ ಸುತ್ತಿ ಬಿಗಿದ ತೂತು. ತಮ್ಮ ಎದೆಯ ಮೇಲೆ ಈಗಲೂ ಆರೇಳು ಇರಬೇಕು. ಒಮ್ಮೆ ಬಗ್ಗಿ ನೋಡಿಕೊಳ್ಳಿ, ನಾನು ಕಾಯುತ್ತೇನೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆ ಕೇಳಿದ್ದೆ. ಈಗ ಅದಕ್ಕೆ ದಿನಾ ಬೆಳಿಗ್ಗೆ ಇಸ್ತ್ರಿ ಮಾಡುತ್ತಿದ್ದೇನೆ.

ಸೋಂಕಿನ ಕಾಲದಲ್ಲಿ ಎಲ್ಲವನ್ನೂ ಒಮ್ಮೆಲೇ ತೆರೆಯಲಾಗದು ಎಂಬುದನ್ನು ಒಪ್ಪುತ್ತೇನೆ. ನಮ್ಮ ಬೀದಿಯಲ್ಲೇ ಇಬ್ಬರು ಹೋದರು. ಅವರಲ್ಲೊಬ್ಬರಿಗೆ ಇಪ್ಪತ್ತು ವರ್ಷ ನಾನೇ ಪ್ಯಾಂಟು ಹೊಲಿದಿದ್ದೆ. ಹಾಗಾಗಿ ಎಚ್ಚರಿಕೆ ಬೇಡ ಎನ್ನುವವನು ನಾನಲ್ಲ. ನನ್ನ ಟೇಪು ಐದು ಅಡಿ, ತಮ್ಮ ಅಂತರ ಆರು ಅಡಿ. ಆ ಒಂದು ಅಡಿಯನ್ನು ಹೇಗೋ ಹೊಂದಿಸಿಕೊಂಡಿದ್ದೇನೆ, ದೂರಿಲ್ಲ. ನನ್ನ ತಕರಾರು ಪಟ್ಟಿಯ ಬಗ್ಗೆ. ಬಟ್ಟೆ ಅಂಗಡಿ ಎರಡನೇ ಹಂತ. ಹೊಲಿಗೆ ಅಂಗಡಿ ಮೂರನೇ ಹಂತ. ಕಾಜಾ ಕೆಲಸ ಮಾತ್ರ, ಕೈಯದಿರಲಿ ಯಂತ್ರದ್ದಿರಲಿ, ‘ಇತರೆ ಬಿಡಿ ಕಸುಬುಗಳು’ ಎಂಬ ತಲೆಬರಹದಡಿ, ಬುಟ್ಟಿ ಹೆಣೆಯುವವರು ಮತ್ತು ಚಾಕು ಸಾಣೆ ಹಿಡಿಯುವವರ ಜೊತೆ ನಾಲ್ಕನೇ ಹಂತ. ದಿನಾಂಕ ‘ನಂತರ ತಿಳಿಸಲಾಗುವುದು’. ಅಂದರೆ ಜನ ಬಟ್ಟೆ ಕೊಳ್ಳಬಹುದು, ಹೊಲಿಸಬಹುದು, ಗುಂಡಿ ಮಾತ್ರ ಹಾಕಿಕೊಳ್ಳುವಂತಿಲ್ಲ. ದೇಶದ ಆರ್ಥಿಕತೆ ಎದೆ ಬಿಟ್ಟುಕೊಂಡೇ ಚೇತರಿಸಿಕೊಳ್ಳಲಿ ಎಂಬುದು ಇಲಾಖೆಯ ಆಶಯವಾಗಿದ್ದರೆ, ಹಾಗೆಂದು ಒಂದು ಸುತ್ತೋಲೆ ಹೊರಡಿಸಿದರೆ ಗಿರಾಕಿಗಳಿಗೆ ತೋರಿಸಲು ಅನುಕೂಲ.

ದರ್ಜಿ ತಾನೇ ಏಕೆ ಕಾಜಾ ಹಾಕಬಾರದು ಎಂದು ತಮ್ಮ ಸಹಾಯವಾಣಿಯವರು ಕೇಳಿದರು. ಹಾಕಿ ನೋಡಿದೆ. ನನ್ನ ಹೆಂಡತಿ ಅಂಗಿ ಎತ್ತಿ ಹಿಡಿದು, “ಅಯ್ಯೋ, ಇಲಿ ಕಡಿದಿದ್ಯಾ?” ಅಂದಳು. ನಮ್ಮ ಕಸುಬಿನಲ್ಲಿ ಕತ್ತರಿ ಹಿಡಿದ ಕೈ ಕಾಜಾ ಹಾಕುವುದಿಲ್ಲ. ಅದು ಬೇರೆಯೇ ಕೈ. ಮೂವತ್ತೊಂದು ವರ್ಷದಿಂದ ನನ್ನ ಅಂಗಡಿಯ ಆ ಕೈ, ಹಿಂದಿನ ಬೀದಿಯ ಒಂದೇ ಕೋಣೆಯ ಮನೆಯಲ್ಲಿ ಒಬ್ಬರೇ ಇರುವ ಹೆಂಗಸಿನದು. ಎಲ್ಲರೂ ಅವರನ್ನು ಕಾಜಾ ಅಕ್ಕ ಎನ್ನುತ್ತಾರೆ. ಕಿಟಕಿಯ ಪಕ್ಕ ಒಂದು ಕುರ್ಚಿ, ಹಗಲ ಬೆಳಕು, ಒಂದು ಸೂಜಿ. ಇಷ್ಟೇ ಅವರ ಕಾರ್ಖಾನೆ. ದೈಹಿಕ ಅಂತರ ಎಂಬುದನ್ನು ಇಲಾಖೆ ಕಂಡುಹಿಡಿಯುವ ಎಷ್ಟೋ ಮೊದಲೇ ಅವರು ಅದನ್ನು ಪಾಲಿಸುತ್ತಿದ್ದರು.

‘ಮನೆಯಿಂದಲೇ ಕೆಲಸ ಮಾಡಿ’ ಎಂದು ತಮ್ಮ ಧ್ವನಿವರ್ಧಕದ ಗಾಡಿ ದಿನಾ ಅವರ ಕಿಟಕಿಯ ಕೆಳಗೇ ಹಾದುಹೋಗುತ್ತದೆ. “ಮಾಸ್ಟ್ರೇ, ನಾನು ಬುದ್ಧಿ ಬಂದಾಗಿಂದ ಮನೆಯಿಂದ್ಲೇ ಮಾಡ್ತಿರೋದು. ಇವನು ಯಾರಿಗೆ ಹೇಳ್ತಿದ್ದಾನೆ?” ಎಂದು ಅವರು ಕೇಳಿದರು. ವಿಚಾರಿಸಿ ಹೇಳುತ್ತೇನೆ ಅಂದೆ. ವಿಚಾರಿಸಿದಾಗ, ಅದು ಕಂಪ್ಯೂಟರ್ ಇರುವವರಿಗೆ ಮಾತ್ರ ಎಂದು ತಿಳಿಯಿತು.

ಆದರೂ ಮೂರನೇ ಹಂತ ತೆರೆದ ವಾರ ಧೈರ್ಯ ಮಾಡಿ, ಒಂದು ಗಂಟು ಅಂಗಿಯನ್ನು ಅವರ ಕಿಟಕಿಯೊಳಗೆ ಕೊಡಲು ಹೋದೆ. ತಮ್ಮ ತಪಾಸಣೆಯವರು ಹಿಂದೆಯೇ ಇದ್ದರು.

“ಏನ್ರೀ ಇದು?”

“ಅಂಗಿ ಸಾರ್.”

“ಯಾವ ಹಂತದ್ದು?”

“ನನ್ನ ಕೈಲಿರೋವರೆಗೂ ಮೂರನೇದು ಸಾರ್. ಆ ಕಡೆ ಹೋದ್ರೆ ನಾಲ್ಕನೇದು.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ಅದನ್ನು ಹಾಗೆಯೇ ಬರೆದುಕೊಂಡು ನನ್ನ ಅಂಗಡಿಗೆ ನಾಲ್ಕು ದಿನ ಬೀಗ ಹಾಕಿದರು. ಇನ್ನೊಮ್ಮೆ ಸಿಕ್ಕಿಬಿದ್ದರೆ ಪರವಾನಗಿಯೇ ರದ್ದು. ಅಂದಿನಿಂದ ಕಾಜಾ ಅಕ್ಕ ನನ್ನ ಗಂಟನ್ನು ಮುಟ್ಟಿಲ್ಲ. ನನ್ನ ಅಂಗಡಿ ಉಳಿಯಲೆಂದು ಅವರು ಖಾಲಿ ಕೈಯಲ್ಲಿ ಕೂತರು. ಇದು ನನಗೆ ನಾಚಿಕೆಯ ವಿಷಯ, ತಮಗೆ ಏನೋ ಗೊತ್ತಿಲ್ಲ.

ಇನ್ನು ‘ಚೇತರಿಕೆ ನೆರವು’. ಅರ್ಜಿಯ ಜೊತೆ ಮುಚ್ಚಿದ ಶಟರಿನ ಫೋಟೋ ಕಡ್ಡಾಯ. ಕಾಜಾ ಅಕ್ಕನಿಗೆ ಶಟರ್ ಎಲ್ಲಿಂದ ಬರಬೇಕು? ಉಪಕಾರ ಮಾಡಲು ಹೋಗಿ ನಾನೇ ಎಡವಟ್ಟು ಮಾಡಿದೆ: ಅವರನ್ನು ನನ್ನ ಶಟರಿನ ಮುಂದೆ ನಿಲ್ಲಿಸಿ ಫೋಟೋ ತೆಗೆದು ಕಳಿಸಿದೆ. ಈಗ ಒಂದೇ ಶಟರಿಗೆ ಇಬ್ಬರು ಹಕ್ಕುದಾರರಿದ್ದಾರೆಂದು ನನ್ನ ಅರ್ಜಿ ತನಿಖೆಯಲ್ಲಿದೆ. ಅವರದ್ದು ತಿರಸ್ಕೃತ, ಕಾರಣ, ‘ಕೆಲಸ ನಿಂತಿರುವುದಕ್ಕೆ ಪುರಾವೆ ಇಲ್ಲ’.

ಹೋದ ವಾರ ಅವರನ್ನು ನೋಡಲು ಹೋದೆ. ಕಿಟಕಿಯ ಬಳಿ ಕೂತು ಹೊಲಿಯುತ್ತಿದ್ದರು. ತಪಾಸಣೆಯವರು ಹಿಂದೆ ಇಲ್ಲವೆಂದು ನೋಡಿಕೊಂಡೆ. “ಯಾರದ್ದಕ್ಕಾ ಅದು?” ಅಂದೆ.

“ಯಾರದ್ದೂ ಅಲ್ಲ. ಹಳೇ ಹೊದಿಕೆ.” ಎತ್ತಿ ತೋರಿಸಿದರು. ಸಾಲು ಸಾಲು ಕಾಜಾ. “ಸುಮ್ನೆ ಇದ್ರೆ ಕೈ ಮರ್ತುಬಿಡತ್ತೆ ಮಾಸ್ಟ್ರೇ. ಈ ವಯಸ್ಸಲ್ಲಿ ಹೋದ ಕೈ ತಿರುಗಿ ಬರಲ್ಲ. ದಿನಕ್ಕೆ ಇಪ್ಪತ್ತು ಹಾಕ್ತೀನಿ. ನಾಲ್ಕನೇ ಹಂತ ಬಂದಾಗ ಕೈ ಇರ್ಬೇಕಲ್ಲ.”

ಕೊನೆಯ ಸಾಲುಗಳ ದಾರದ ಬಣ್ಣ ಬೇರೆಯಿತ್ತು. ದಾರ ಮುಗಿದು, ಉಟ್ಟ ಬಟ್ಟೆಯ ಅಂಚಿನಿಂದಲೇ ಎಳೆ ಬಿಚ್ಚಿಕೊಂಡಿದ್ದರು. ನನಗೆ ಅಳು ಬಂತು. ಮಾಸ್ಕ್ ಇದ್ದದ್ದರಿಂದ ಅರ್ಧ ಮರ್ಯಾದೆ ಉಳಿಯಿತು.

ಕೋಟಿನ ವಿಷಯಕ್ಕೆ ಬರುತ್ತೇನೆ. ಎಲ್ಲ ಮುಚ್ಚುವ ಮೊದಲು ತಾವು ಹೊಲಿಯಲು ಕೊಟ್ಟ ಕರಿ ಕೋಟು ಸಿದ್ಧವಿದೆ. ಪುನರಾರಂಭ ಸಮಾರಂಭಕ್ಕೆ ಅದು ಬೇಕೇಬೇಕೆಂದು ತಮ್ಮ ಆಪ್ತ ಸಹಾಯಕರು ಮೂರು ಸಲ ಫೋನ್ ಮಾಡಿದ್ದಾರೆ. ಕಾಜಾ ಅಕ್ಕನನ್ನು ಕೇಳಿದೆ. “ಸಾಹೇಬ್ರ ಆದೇಶ ಮುರಿದಿದ್ದಕ್ಕೆ ಸಾಹೇಬ್ರ ಎದೆನೇ ಸಾಕ್ಷಿ ಆಗತ್ತೆ, ಬೇಡ,” ಅಂದರು. ಹಾಗಾಗಿ ಗುಂಡಿಗಳನ್ನು ಕೋಟಿನ ಜೇಬಿನಲ್ಲೇ ಹಾಕಿಟ್ಟಿದ್ದೇನೆ. ಯಾವಾಗ ಬೇಕಾದರೂ ಕಳಿಸಿಕೊಡುತ್ತೇನೆ. ಸಮಾರಂಭದಲ್ಲಿ ಒಂದು ಕೈಯಿಂದ ಹಿಡಿದುಕೊಂಡು ಇನ್ನೊಂದು ಕೈಯಿಂದ ರಿಬ್ಬನ್ ಕತ್ತರಿಸಬಹುದೇನೋ, ಅಭ್ಯಾಸ ಮಾಡಿ ನೋಡಿ.

ನಾನು ಕೇಳುವುದು ಇಷ್ಟೇ. ಮೂರನೇ ಹಂತದ ಪಟ್ಟಿಯಲ್ಲಿ ‘ಹೊಲಿಗೆ ಅಂಗಡಿ’ ಎಂಬುದರ ಮುಂದೆ ‘ಮತ್ತು ಅದರ ಕಾಜಾ ಕೆಲಸ’ ಎಂದು ಸೇರಿಸಿ. ನೆರವಿನ ಅರ್ಜಿಯಲ್ಲಿ ಶಟರ್ ಇಲ್ಲದವರೂ ದುಡಿಯುತ್ತಾರೆಂದು ಒಪ್ಪಿಕೊಳ್ಳಿ. ಕೆಲಸ ನಿಂತದ್ದಕ್ಕೆ ಪುರಾವೆ ಕೇಳಿದ್ದಿರಿ, ತಮ್ಮ ಕಚೇರಿಗೆ ಕಳಿಸಿದ ಈ ಬಹಿರಂಗ ಪತ್ರದ ಪ್ರತಿಯ ಜೊತೆ ಲಗತ್ತಿಸಿದ್ದೇನೆ: ಹಳೇ ಹೊದಿಕೆ ಒಂದು, ಅದರಲ್ಲಿ ಆರುನೂರ ನಲವತ್ತು ಕಾಜಾ, ಗುಂಡಿ ಒಂದೂ ಇಲ್ಲ. ನೋಡಿದ ತಕ್ಷಣ ದಯವಿಟ್ಟು ವಾಪಸು ಕಳಿಸಿ. ನಾಳೆಯ ಇಪ್ಪತ್ತು ಹಾಕಲು ಅವರ ಬಳಿ ಬೇರೆ ಬಟ್ಟೆ ಇಲ್ಲ.

ಇಂತಿ,
ಪರವಾನಗಿ ಇನ್ನೂ ಉಳಿಸಿಕೊಂಡಿರುವ,
ಅದಕ್ಕಾಗಿ ಹಿಂದಿನ ಬೀದಿಯಲ್ಲಿ ತಲೆತಗ್ಗಿಸಿ ನಡೆಯುವ
ಮೂರನೇ ಹಂತದ ಒಬ್ಬ ದರ್ಜಿ