ಪೆನ್ ಡ್ರೈವ್ ಕೇಳುವ ಪ್ರಶ್ನೆ

ಮುಳಬಾಗಿಲು
12-2-2009

ವಿದ್ಯಾಧೀಶ ಅವರಿಗೆ ನಮಸ್ಕಾರ.

ನಿಮ್ಮ ಗೃಹಪ್ರವೇಶದ ವಿಡಿಯೊ ಇರುವ ಪೆನ್ ಡ್ರೈವ್ ತಲುಪಿತು. ನಮ್ಮ ಯಜಮಾನರು ಸಾರು ಬಡಿಸುತ್ತಾ ಮಾತಾಡಿದ್ದು ಅದರಲ್ಲಿದೆ ಅಂದಿರಿ. ತೀರಿಕೊಂಡ ಮೇಲೆ ಅವರ ಧ್ವನಿ ಅಂತ ನಮ್ಮ ಹತ್ತಿರ ಬೇರೇನೂ ಇಲ್ಲ.

ನಿಮ್ಮ ಆಪಲ್ ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಿದ್ದಕ್ಕೆ ನಮ್ಮ ವಿಂಡೋಸಿನಲ್ಲಿ ತೆರೆಯುತ್ತಿಲ್ಲ. ಹಾಕಿದಾಗಲೆಲ್ಲ ಫಾರ್ಮ್ಯಾಟ್ ಮಾಡಲೇ ಅಂತ ಕೇಳುತ್ತದೆ. ಏನಂತೆ ಅಂದರು ಅತ್ತೆ. ಎಲ್ಲ ಅಳಿಸಿಬಿಡಲಾ ಅಂತ ಕೇಳ್ತಿದೆ ಅಂದೆ.

ಅವತ್ತಿನಿಂದ ಅತ್ತೆ ದಿನಾ ಪೂಜೆ ಮುಗಿಸಿ ಬಂದು, "ಹಾಕಮ್ಮ, ಬೇಡ ಅಂತ ನಾನೇ ಹೇಳ್ತೀನಿ" ಅಂತಾರೆ. ಮಡಿಯಲ್ಲಿ ನನ್ನನ್ನೂ ಮುಟ್ಟದವರು ಮೌಸ್ ಹಿಡಿದು ಕ್ಯಾನ್ಸಲ್ ಒತ್ತುತ್ತಾರೆ.

ದಯವಿಟ್ಟು ವಿಂಡೋಸಿನಲ್ಲಿ ತೆರೆಯುವ ಹಾಗೆ ಸಿ.ಡಿ. ಮಾಡಿ ಕಳಿಸಿ. ಪೆನ್ ಡ್ರೈವ್ ಮಾತ್ರ ವಾಪಸ್ ಕೇಳಬೇಡಿ. ಬೆಳಿಗ್ಗೆ ಅತ್ತೆಗೆ ಬೇಕು.

ಇಂತಿ,
ಸುಮೇಧಾ ಭಾರ್ಗವ್