ಮಾವ ನುಂಗಿದ ಕೂಗು

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಚಿಕ್ಕಮ್ಮನ ಗದ್ದೆ ಮುಳುಗಿದ್ದು ನಿನ್ನಿಂದ. ಮಳೆಯಿಂದಲ್ಲ, ಅವಳ ಅಜಾಗ್ರತೆಯಿಂದಲ್ಲ, ನಿನ್ನಿಂದ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ. ಕೊನೆಗೆ ಇಟ್ಟುಕೊಂಡರೆ ಅಷ್ಟರಲ್ಲಿ ಹಳೆಯದೆಲ್ಲ ನೆನಪಾಗಿ ಕೈ ಮೆತ್ತಗಾಗುತ್ತದೆ, ಆಮೇಲೆ ಬರೆಯುವುದೇ ಇಲ್ಲ.

ನೀನು ಅಮ್ಮನಿಗೆ ಬರೆದ ಪತ್ರ ನಿನ್ನೆ ಬಂತು. ಓದಿ ಹೇಳಿದ್ದು ನಾನೇ. ಚಿಕ್ಕಮ್ಮ ಒಂದಿಷ್ಟು ಗಮನವಿಟ್ಟು ನೀರು ನೋಡಿಕೊಂಡಿದ್ದರೆ ಸಸಿ ಉಳಿಯುತ್ತಿತ್ತು, ಈಗ ಸಾಹೇಬರ ಮುಂದೆ ತಲೆ ಎತ್ತಲಾಗುತ್ತಿಲ್ಲ ಎಂದು ಬರೆದಿದ್ದೀಯಲ್ಲ, ಆ ಸಾಲು ಬಂದಾಗ ನಾನು ಕೆಮ್ಮಿ, ಅದನ್ನು ದಾಟಿ ಮುಂದಿನದನ್ನು ಓದಿದೆ. ಚಿಕ್ಕಮ್ಮ ಅಲ್ಲೇ ಹೊಸ್ತಿಲ ಮೇಲೆ ಕೂತಿದ್ದಳು. ನಿನ್ನ ಪತ್ರ ಬಂದಿದೆ ಎಂದು ಕೇಳಿ, ಕೈಕಾಲು ತೊಳೆದು, ಬೇರೆ ಸೀರೆ ಉಟ್ಟು ಬಂದಿದ್ದಳು. ಅವಳ ಲೆಕ್ಕದಲ್ಲಿ ನಿನ್ನ ಪತ್ರ ಎಂದರೆ ನೀನೇ ಬಂದ ಹಾಗೆ.

ಅವತ್ತು ನಡೆದದ್ದು ನಿನಗೆ ಪೂರ್ತಿ ಗೊತ್ತಿಲ್ಲ. ಜೀಪಿನಲ್ಲಿ ಬಂದೆ, ಜೀಪಿನಲ್ಲಿ ಹೋದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಕಚೇರಿಯವರು ಹೊಸ ನಾಟಿಯ ಪ್ರಾತ್ಯಕ್ಷಿಕೆಗೆ ಆರಿಸಿಕೊಂಡದ್ದು ಮಾವನ ಗದ್ದೆ. ಗುಡ್ಡದ ಎಲ್ಲಕ್ಕಿಂತ ಮೇಲಿನ ಗದ್ದೆ, ರಸ್ತೆಗೆ ಹತ್ತಿರ, ಬೂಟು ಹಾಕಿಕೊಂಡವರು ಇಳಿಯಬೇಕಾಗಿಲ್ಲ. ಪೆಂಡಾಲು ಬಂತು, ಮೈಕು ಬಂತು, ಬ್ಯಾನರು ಬಂತು. ‘ಬುಡಕಟ್ಟು ಸಣ್ಣ ಮತ್ತು ಅತಿಸಣ್ಣ ರೈತರ ಭತ್ತದ ಇಳುವರಿ ಹೆಚ್ಚಳ ಕಾರ್ಯಕ್ರಮ’ ಎಂದು ಅಷ್ಟುದ್ದ ಬರೆದಿದ್ದರು. ಬ್ಯಾನರು ನನ್ನ ಗದ್ದೆಗಿಂತ ಅಗಲ ಇದೆ, ನೆಲಕ್ಕೆ ಹಾಸಿದರೆ ಅದರ ಮೇಲೇ ಬಿತ್ತಬಹುದು ಎಂದು ಚಿಕ್ಕಮ್ಮ ನನ್ನ ಕಿವಿಯಲ್ಲಿ ಹೇಳಿ ನಗಿಸಿದ್ದಳು. ಪೆಂಡಾಲಿನಲ್ಲಿ ಜನ ಕಡಿಮೆ ಕಾಣುತ್ತಾರೆಂದು ನಮ್ಮನ್ನೆಲ್ಲ ಮೇಲಕ್ಕೆ ಕರೆಸಿದ್ದರಲ್ಲ, ಕೆಳಗಿನ ಗದ್ದೆಗಳಲ್ಲಿ ಕಾಯುವುದಕ್ಕೆ ಒಬ್ಬರೂ ಉಳಿದಿರಲಿಲ್ಲ. ಚಿಕ್ಕಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ನನಗೆ ಹಿಂದಿನ ಸಾಲು, ಎದುರಿಗೆ ಬರೀ ಬ್ಯಾನರು.

ಕಳೆ ತೆಗೆಯುವ ಯಂತ್ರ ತೋರಿಸಬೇಕು, ಗದ್ದೆಯಲ್ಲಿ ನೀರು ಜಾಸ್ತಿಯಾಯಿತು, ಕೆಳಕ್ಕೆ ಬಿಟ್ಟುಬಿಡಿ ಎಂದು ನಿಮ್ಮ ಸಾಹೇಬರು ಹೇಳಿದ್ದು ನಿನಗೆ ನೆನಪಿರಬೇಕು. ಮಾವ ಬದುವಿನ ಬಾಯಿ ಒಡೆದ. ನೀರು ಕೆಳಗಿನ ಗದ್ದೆಗೆ ಹಾರಿತು, ಅಲ್ಲಿಂದ ಅದರ ಕೆಳಗಿನದಕ್ಕೆ. ನಮ್ಮಲ್ಲಿ ನೀರು ಬಿಡುವವರು ಮೊದಲು ಕೂಗಬೇಕು. ಕೆಳಗಿನವರು ತಮ್ಮ ಬದುವಿನ ಬಾಯಿ ತೆಗೆದು ಮತ್ತೆ ಕೂಗಬೇಕು, ಹೀಗೆ ಹಳ್ಳದವರೆಗೆ. ಇದನ್ನು ನಿನಗೆ ನಾನು ಹೇಳಿಕೊಡಬೇಕಾಯಿತು, ನೋಡು ಕಾಲ.

ಮಾವ ಕೂಗಲಿಲ್ಲ. ನಾನು ಜಗಳಕ್ಕೇ ಹೋದೆ ಅವನ ಹತ್ತಿರ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಕೂಗೋಕೆ ಬಾಯಿ ತೆಗ್ದೆ ಕಣೇ. ಭಾಷಣ ನಡೀತಿತ್ತು. ನಿಮ್ಮಕ್ಕ ತುಟಿ ಮೇಲೆ ಬೆರಳಿಟ್ಲು. ಅಷ್ಟು ದೊಡ್ಡೋರ ಮುಂದೆ ನಮ್ಮ ಹುಡುಗಿ ಮಾತು ಮೀರಿದ್ರೆ ಅವಳ ಮರ್ಯಾದೆ ಏನಾಗ್ಬೇಕು. ನುಂಗ್ಕೊಂಡೆ."

ನುಂಗಿಕೊಂಡನಂತೆ.

ಮೊದಲಾಗಿದ್ದರೆ ಕೂಗದಿದ್ದರೂ ಏನೂ ಆಗುತ್ತಿರಲಿಲ್ಲ. ಮೊಣಕಾಲುದ್ದದ ಸಸಿ, ಹಿಡಿಹಿಡಿಯಾಗಿ ನೆಟ್ಟಿರುತ್ತಿದ್ದೆವು, ಒಂದು ದಿನ ನೀರು ನಿಂತರೆ ಅದಕ್ಕೆ ಸ್ನಾನವಾದ ಹಾಗೆ. ಈ ಸಲ ನೀನು ಹೇಳಿದ ಹಾಗೆ ಚಿಕ್ಕಮ್ಮನೂ ನೆಟ್ಟದ್ದು ಎರಡೆಲೆಯ ಎಳೆ ಸಸಿ, ಒಂದೊಂದೇ, ಗೇಣಿಗೊಂದು. ಬೆರಳುದ್ದ ಇಲ್ಲ. ಐದು ಗದ್ದೆಯ ನೀರು ಕೆಸರಿನ ಸಮೇತ ಬಂದು ಎಲ್ಲಕ್ಕಿಂತ ಕೆಳಗಿರುವ ಚಿಕ್ಕಮ್ಮನ ಗದ್ದೆಯಲ್ಲಿ ನಿಂತಿತು, ಹಳ್ಳದ ಕಡೆಯ ಬಾಯಿ ತೆಗೆಯಲು ಅಲ್ಲಿ ಯಾರೂ ಇರಲಿಲ್ಲ. ಸಾಯಂಕಾಲ ಹೋಗಿ ನೋಡಿದರೆ ನೀಟಾಗಿ ಸಾರಿಸಿಟ್ಟ ಅಂಗಳದ ಹಾಗಿತ್ತು. ಕೆಸರು ಇಳಿದ ಮೇಲೆ ಅಲ್ಲೊಂದು ಇಲ್ಲೊಂದು ಎಲೆಯ ತುದಿ.

ಅಕ್ಕ, ನಿಮ್ಮ ಕಚೇರಿಯ ಕರಪತ್ರವನ್ನು ಮತ್ತೆ ತೆಗೆದು ನೋಡಿದೆ. ಒಂದು ಸುಳ್ಳೂ ಇಲ್ಲ ಅದರಲ್ಲಿ. ಎಳೆ ಸಸಿ, ಒಂಟಿ ಸಸಿ, ತೆಳು ನೀರು, ಎಲ್ಲಾ ಸರಿ. ಆದರೆ ಅದರಲ್ಲೊಂದು ಚಿತ್ರವಿದೆಯಲ್ಲ, ನಾಲ್ಕೂ ಕಡೆ ಬದು ಕಟ್ಟಿದ ಸಪಾಟು ಗದ್ದೆ, ಆ ಗದ್ದೆಗೆ ನೆರೆಹೊರೆಯೇ ಇಲ್ಲ. ಮೇಲೆ ಯಾರೂ ಇಲ್ಲ, ಕೆಳಗೆ ಯಾರೂ ಇಲ್ಲ. ಯಾವ ಲೋಕದ ಗದ್ದೆ ಅದು? ಬಡವನಿಗೆ ಸಿಗುವುದು ಯಾವಾಗಲೂ ಎಲ್ಲರ ಕೆಳಗಿನ ಗದ್ದೆಯೇ. ಬದಲಾವಣೆಯನ್ನು ಮೇಲಿನಿಂದ ಶುರು ಮಾಡಿದರೆ ಕೆಳಗಿನವರು ಮುಳುಗುತ್ತಾರೆ. ಇದನ್ನು ನಾನು ಎಷ್ಟೋ ಹೋರಾಟದ ಕರಪತ್ರಗಳಲ್ಲಿ ಓದಿದ್ದೆ, ಕಣ್ಣಾರೆ ನೋಡಿದ್ದು ಇದೇ ಮೊದಲು.

ಇಷ್ಟು ಬರೆಯುವಾಗ ನೀನು ನಗುತ್ತಿರುವುದು ಕಾಣುತ್ತಿದೆ. ಚಿಕ್ಕಮ್ಮನೂ ಅದನ್ನೇ ಹೇಳುತ್ತಾಳೆ, "ಇವಳಿಗೆ ಉಪ್ಪು ಕೊಡು ಅಂದ್ರೂ ನಿಂತು ಭಾಷಣ ಮಾಡ್ತಾಳೆ." ಈ ಚಾಳಿ ಹತ್ತಿಸಿದ್ದು ಯಾರು? ಸಂತೆಯ ಸಾಮಾನು ಕಟ್ಟಿ ಬಂದ ಕಾಗದವನ್ನೆಲ್ಲ ನೀರು ಚಿಮುಕಿಸಿ, ನೆರಿಗೆ ತೆಗೆದು, ನಮ್ಮ ಕೋಣೆಯ ಗೋಡೆಗೆ ಅಂಟಿಸಿದ್ದು ಯಾರು? ನನಗೆ ಅಕ್ಷರ ಬಂದದ್ದು ಆ ಗೋಡೆಯಿಂದ. ಕೂಲಿ, ಭೂಮಿ, ಸಂಘ ಎಂದು ನೀನು ಬೆರಳಿಟ್ಟು ತೋರಿಸುತ್ತಿದ್ದೆ. ಸೋಪಿನ ಜಾಹೀರಾತಿನ ಪಕ್ಕದಲ್ಲೇ ಹೋರಾಟದ ಕರೆ, ನಾನು ಎರಡನ್ನೂ ಒಂದೇ ಉಸಿರಿನಲ್ಲಿ ಓದುತ್ತಿದ್ದೆ. ಆ ಗೋಡೆ ಈಗಲೂ ಹಾಗೇ ಇದೆ. ನಿನ್ನ ಮಂಚದ ಕಡೆಯದು ಸ್ವಲ್ಪ ಕಿತ್ತುಬಂದಿದೆ, ಅಷ್ಟೇ.

ನಾಟಿಯ ದಿನಗಳು ನೆನಪಿವೆಯಾ? ಅಮ್ಮ ಒಂದು ತುದಿ, ಚಿಕ್ಕಮ್ಮ ಇನ್ನೊಂದು ತುದಿ, ನಡುವೆ ನಾವಿಬ್ಬರು. ಎಲ್ಲರೂ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಹೋಗುವುದು. ನಾನು ಹಿಂದುಳಿದರೆ ನೀನು ನನ್ನ ಸಾಲಿನ ಸಸಿಯನ್ನೂ ಸದ್ದಿಲ್ಲದೆ ನೆಟ್ಟುಬಿಡುತ್ತಿದ್ದೆ, ಅಮ್ಮನಿಗೆ ಕಾಣದ ಹಾಗೆ. ಕಾಲ್ಬೆರಳ ಸಂದಿಯಲ್ಲಿ ಕೆಸರು ಬೆಚ್ಚಗೆ ಮೇಲೆ ಬರುತ್ತಿತ್ತು. ಮಧ್ಯಾಹ್ನ ಬದುವಿನ ಮೇಲೆ ಊಟ, ಒಂದೇ ತಟ್ಟೆ, ನಿನ್ನ ಪಾಲಿನ ಗೆರೆ ದಾಟಿ ನಾನು ಕೈಹಾಕುತ್ತಿದ್ದೆ. ಮೇಲಿನಿಂದ ಕೂಗು ಬಂದರೆ ನಮ್ಮ ಗದ್ದೆಯಿಂದ ಕೂಗಬೇಕಾದವಳು ನೀನೇ, ಬೇರೆ ಯಾರ ದನಿಯೂ ಹಳ್ಳದ ಸದ್ದನ್ನು ದಾಟುತ್ತಿರಲಿಲ್ಲ. ಚಿಕ್ಕಮ್ಮ ಕೆಳಗಿನಿಂದ ಓಗೊಟ್ಟು, ಇವಳಿಗೆ ಗಂಟಲಲ್ಲಿ ನಗಾರಿ ಇದೆ ಎನ್ನುತ್ತಿದ್ದಳು. ನೀನು ಓದಲು ಹೊರಟ ವರ್ಷ ಕೂಗುವುದು ನನ್ನ ಪಾಲಿಗೆ ಬಂತು. ನನ್ನ ದನಿ ಹಳ್ಳದವರೆಗೆ ಹೋಗುವುದಿಲ್ಲ. ಓಡಿ ಹೋಗಿ ಹೇಳಿ ಬರುತ್ತೇನೆ, ಈಗಲೂ.

ಅದಕ್ಕೇ ಅವತ್ತು ಮೈಕಿನಲ್ಲಿ ನಿನ್ನ ದನಿ ಕೇಳಿ ಹಿಂದಿನ ಸಾಲಿನಲ್ಲಿ ಕಣ್ಣು ತುಂಬಿಕೊಂಡು ಕೂತಿದ್ದೆ. ಇಡೀ ಗುಡ್ಡಕ್ಕೆ ಕೇಳುತ್ತಿತ್ತು. ಅದೇ ಹೊತ್ತಿಗೆ ಬ್ಯಾನರಿನ ಹಿಂದೆ ನೀರು ಹೋಗುತ್ತಿತ್ತು.

ಈಗ ಸಂಗತಿಗೆ ಬರುತ್ತೇನೆ. ಹೋದ ವಾರ ನಿಮ್ಮ ಸಾಹೇಬರು ಮತ್ತೆ ಬಂದಿದ್ದರು. ಮಾವನ ಗದ್ದೆ ನೋಡಿ ಖುಷಿಯಾದರು, ಆಗಬೇಕಾದ್ದೇ, ಒಂದೊಂದು ಬುಡವೂ ಮರಿ ಹಾಕಿ ಪೊರಕೆಯಷ್ಟು ದಪ್ಪ ತೆಂಡೆ ಒಡೆದಿದೆ. ಆಮೇಲೆ ಕೆಳಗಿಳಿದು ಚಿಕ್ಕಮ್ಮನ ಗದ್ದೆ ನೋಡಿದರು. ಅಷ್ಟರಲ್ಲಿ ಅದಕ್ಕೆ ಅವರಿವರ ಸಸಿಮಡಿಯಲ್ಲಿ ಮಿಕ್ಕಿದ ಬಲಿತ ಸಸಿಗಳನ್ನು ಬೇಡಿ ತಂದು ಹಳೆಯ ಹಾಗೆ ನೆಟ್ಟಿದ್ದೆವು. ಅದು ಅರ್ಧ ಹಳದಿ, ಅರ್ಧ ಹಸಿರು. ಏನಮ್ಮಾ ಹೀಗೆ ಎಂದರು. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು, "ನಂದೇ ತಪ್ಪು ಸ್ವಾಮಿ, ನೀರು ನೋಡ್ಕೊಳ್ಳಲಿಲ್ಲ" ಎಂದಳು. ನಾನು ಬಾಯಿ ಹಾಕುವಷ್ಟರಲ್ಲಿ ನನ್ನ ಕಾಲು ತುಳಿದಳು. ಸಾಹೇಬರು ಪಕ್ಕದವರಿಗೆ ಇಂಥವರಿಗೆ ಈ ವಿಧಾನ ಒಗ್ಗುವುದಿಲ್ಲ, ಮುಂದಿನ ಸಲ ಮೇಲಿನ ಗದ್ದೆಯವರಿಗಷ್ಟೇ ಬೀಜ ಮತ್ತು ಯಂತ್ರ ಕೊಟ್ಟರೆ ಸಾಕು, ಈ ಬರುವ ಸೋಮವಾರದ ಸಭೆಯಲ್ಲಿ ತೀರ್ಮಾನ ಮಾಡೋಣ ಎಂದು ಹೇಳಿ ಹತ್ತಿಹೋದರು.

ಅಂದರೆ ಕೆಳಗಿನ ಐದು ಮನೆಗಳೂ ಹೊರಗೆ. ಆ ಐದು ಮನೆಗೇ ಬೆಳೆದ ಭತ್ತ ವರ್ಷದ ಊಟಕ್ಕೆ ಸಾಲುವುದಿಲ್ಲ. ಕೊಯ್ಲು ಮುಗಿದು ಸ್ವಲ್ಪ ದಿನಕ್ಕೆ ಚಿಕ್ಕಮ್ಮ ಬೇರೆಯವರ ಗದ್ದೆಗೆ ಕೂಲಿಗೆ ಹೋಗುತ್ತಾಳೆ, ನಿನಗೆ ಗೊತ್ತು. ಈ ವಿಧಾನ ಯಾರಿಗಾದರೂ ಬೇಕಿದ್ದರೆ ಅದು ಅವಳಿಗೆ. ಹಳ್ಳದ ಕಡೆ ಮೂಲೆಯಲ್ಲಿ ನೆಲ ಒಂಚೂರು ಎತ್ತರ ಇದೆಯಲ್ಲ, ಅಲ್ಲಿ ನಿನ್ನ ಒಂಟಿ ಸಸಿಗಳು ಒಂದಿಷ್ಟು ಉಳಿದಿವೆ. ಬೆಳಿಗ್ಗೆ ಎದ್ದರೆ ಹೋಗಿ ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾಳೆ. ಒಬ್ಬಳೇ ತಾಯಿಗೆ ಇಷ್ಟೊಂದು ಮಕ್ಕಳಾ ಎಂದು ತೆಂಡೆ ಬಿಡಿಸಿ ನೋಡುತ್ತಾಳೆ. ಅವಳಿಗೆ ಒಗ್ಗುವುದಿಲ್ಲವಂತೆ.

ಮಾವ, ನಾನು, ಇನ್ನಿಬ್ಬರು ಸೇರಿ ಗದ್ದೆಗಳ ಪಕ್ಕದಲ್ಲಿ ಗುಡ್ಡದ ಅಂಚಿಗೆ ಒಂದು ಕಾಲುವೆ ತೆಗೆಯುತ್ತಿದ್ದೇವೆ. ಮೇಲಿನವರು ಬಿಟ್ಟ ನೀರು ಯಾರ ಸಸಿಯನ್ನೂ ಮುಟ್ಟದೆ ಹಳ್ಳ ಸೇರಬೇಕು. ಅದು ನಮ್ಮ ಕೈಯಲ್ಲಾಗುವ ಕೆಲಸ. ಸೋಮವಾರ ಬಾಯಿ ಬಿಡುವುದು ನಿನ್ನ ಕೆಲಸ. ಗದ್ದೆ ಮುಳುಗಿದ್ದು ಹೀಗೆ, ಅವಳಿಂದಲ್ಲ, ನನ್ನಿಂದ ಎಂದು ಹೇಳು. ಮುಂದಿನ ಸಲ ಕೆಳಗಿನ ಗದ್ದೆಯಿಂದ ಶುರು ಮಾಡಿ ಎಂದು ಹೇಳು. ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ, ಗೊತ್ತು. ಹೇಳಿದರೆ ಏನಾಗಬಹುದೆಂದೂ ಗೊತ್ತು. ಅದು ಸುಲಭ ಎಂದು ನಾನು ಬರೆಯುವುದಿಲ್ಲ. ಆದರೆ ನೀನು ಹೇಳದಿದ್ದರೆ ಸಭೆಯಲ್ಲಿ ನಮ್ಮವರು ಎಂದು ಹೇಳಿಕೊಳ್ಳಲು ನಮಗೆ ಇನ್ಯಾರೂ ಇಲ್ಲ.

ಅಮ್ಮ ಚೆನ್ನಾಗಿದ್ದಾಳೆ. ನಾನು ಸಿಟ್ಟಿನಲ್ಲಿದ್ದೇನೆ, ಅಂದರೆ ಚೆನ್ನಾಗಿದ್ದೇನೆ.

ನಿನ್ನ
ಮೆಣಸಿನಕಾಯಿ

ಮತ್ತೆ: ಪತ್ರ ಮಡಿಸುತ್ತಿದ್ದಾಗ ಚಿಕ್ಕಮ್ಮ ಬಂದಳು. ಏನು ಬರೆದಿದ್ದೀಯ ಓದು ಎಂದಳು. ಓದಿದೆ. ಮೊದಲ ಸಾಲು ಹೊಡೆದುಹಾಕು ಎಂದಳು. ಆಗುವುದಿಲ್ಲ, ನಿಜ ಯಾರಿಗಾದರೂ ಗೊತ್ತಾಗಲೇಬೇಕು ಎಂದೆ. ಅವಳು ಹೇಳಿದ್ದು ಇದು: "ನಂಗೆ ಅವತ್ತೇ ಗೊತ್ತಿತ್ತು. ಮುಂದಿನ ಸಾಲಲ್ಲಿ ಕೂತಿದ್ನಲ್ಲ. ಮಾವ ಬಾಯಿ ತೆಗೆದಿದ್ದೂ ನೋಡ್ದೆ, ಹುಡುಗಿ ಬೆರಳಿಟ್ಟಿದ್ದೂ ನೋಡ್ದೆ. ನಾನು ಎದ್ದು ಓಡಿದ್ರೆ ಏನಾಯ್ತು ಅಂತ ಎಲ್ಲರೂ ಅವಳ ಕಡೆ ತಿರುಗ್ತಿದ್ರು, ಅವಳ ಮಾತು ಅಲ್ಲೇ ನಿಲ್ತಿತ್ತು. ಎಷ್ಟು ಚೆನ್ನಾಗಿ ಮಾತಾಡ್ತಿದ್ಲು." ಭಾಷಣಗಳು ಮುಗಿಯುವವರೆಗೂ ಅವಳು ಅಲ್ಲೇ ಕೂತಿದ್ದಳು ಅಕ್ಕ, ಎಲ್ಲಾ ಗೊತ್ತಿದ್ದು. ಕೊನೆಗೆ ಚಪ್ಪಾಳೆಯನ್ನೂ ತಟ್ಟಿದಳು, ನಾನು ನೋಡಿದ್ದೇನೆ.

ಮೊದಲ ಸಾಲು ಹೊಡೆದುಹಾಕಿಲ್ಲ. ಸಭೆಗೆ ಮುಂಚೆ ನೀನು ಅವಳ ಮುಖ ನೋಡಬೇಕು. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಕೆಳಗಿನ ಗದ್ದೆಯ ಬದುವಿನ ಮೇಲೆ.